ನಾಲ್ಕು ವರ್ಷದ ಮಗಳು, ಇಪ್ಪತ್ತು ತಿಂಗಳ ಮಗ: ಮೊದಲ ಸಲ ವಂಡರ್‌ಲಾಗೆ ಹೇಗೆ ಕರೆದುಕೊಂಡು ಹೋಗೋದು?

ಪ್ರಶ್ನೆ: ನಾವು ಮಂಡ್ಯದವರು. ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು, ಮಗನಿಗೆ ಇಪ್ಪತ್ತು ತಿಂಗಳು. ದಸರಾ ರಜೆಯಲ್ಲಿ ಬಿಡದಿಯ ವಂಡರ್‌ಲಾಗೆ ಹೋಗಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಆಸೆ. ಅತ್ತೆ, ಮಾವ ಕೂಡ ಬರುತ್ತಾರೆ. ಆದರೆ ಹೋದ ವರ್ಷ ಊರ ಜಾತ್ರೆಯಲ್ಲಿ ತೊಟ್ಟಿಲು ಹತ್ತಿಸಿದಾಗ ಮಗಳು ಕಿರುಚಿಕೊಂಡು ಅತ್ತಿದ್ದಳು. "ಒಂದು ಸಲ ಕೂರಿಸಿಬಿಟ್ಟರೆ ಭಯ ಹೋಗುತ್ತೆ" ಅನ್ನುತ್ತಾರೆ ನಮ್ಮ ಮನೆಯವರು. ಇಷ್ಟು ಚಿಕ್ಕವರನ್ನು ಕರೆದುಕೊಂಡು ಹೋಗೋದು ಸರಿಯಾ? ಏನೇನು ಜಾಗ್ರತೆ ಬೇಕು?

ಮಕ್ಕಳ ವೈದ್ಯರ ಉತ್ತರ:

ಹೋಗಬಹುದು. ಇಬ್ಬರೂ ಆರೋಗ್ಯವಾಗಿದ್ದರೆ ವಯಸ್ಸು ಅಡ್ಡಿಯಲ್ಲ. ಆದರೆ ಒಂದು ವಿಷಯ ಮನೆಯಲ್ಲಿ ಎಲ್ಲರೂ ಕೂತು ಮೊದಲೇ ಒಪ್ಪಿಕೊಳ್ಳಿ. ಆ ದಿನ ನಡೆಯಬೇಕಾದದ್ದು ಟಿಕೆಟ್ಟಿನ ಲೆಕ್ಕದಲ್ಲಲ್ಲ, ಮಕ್ಕಳ ಲೆಕ್ಕದಲ್ಲಿ. ಒಂದೇ ಟಿಕೆಟ್ಟಿಗೆ ದಿನವಿಡೀ ಎಲ್ಲ ರೈಡೂ ಇದ್ದಾಗ ದುಡ್ಡು ವಸೂಲಿ ಆಗಬೇಕು ಅನ್ನೋ ಆಸೆ ಯಾರಿಗಾದರೂ ಬರುತ್ತೆ. ಇಷ್ಟು ವರ್ಷದಲ್ಲಿ ಇಂಥ ಜಾಗಕ್ಕೆ ಹೋಗಿ ಬಂದು ನನ್ನ ಹತ್ತಿರ ತೋರಿಸಿದ ಮಕ್ಕಳಲ್ಲಿ ನಾನು ಕಂಡದ್ದು ಬಹುಪಾಲು ಆ ಆಸೆಯ ಫಲವೇ. ನೀರಲ್ಲಿ ಜಾಸ್ತಿ ಹೊತ್ತು ಬಿಟ್ಟದ್ದು, ನಿದ್ದೆ ತಪ್ಪಿಸಿದ್ದು, ಒಲ್ಲೆ ಅಂದರೂ ಕೂರಿಸಿದ್ದು.

ಮೊದಲು ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ ಅಂತ ನನಗೆ ಅನ್ನಿಸಿತು.

ಬಲವಂತವಾಗಿ ಕೂರಿಸಿದರೆ ಭಯ ಹೋಗುವುದಿಲ್ಲ. ಮೂರರಿಂದ ಐದು ವರ್ಷದ ಮಕ್ಕಳಿಗೆ ನಿಜ ಯಾವುದು, ಕಲ್ಪನೆ ಯಾವುದು ಅನ್ನೋ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ತೊಟ್ಟಿಲು ಮೇಲೆ ಹೋದಾಗ "ಇದು ಮತ್ತೆ ಕೆಳಗೆ ಬರುತ್ತೆ, ಎರಡು ನಿಮಿಷದಲ್ಲಿ ನಿಲ್ಲುತ್ತೆ" ಅಂತ ನಮಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ನೆಲ ದೂರ ಹೋಗುತ್ತಿದೆ, ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಗುತ್ತಿದೆ, ನಿಲ್ಲಿಸಿ ಅಂದರೂ ಯಾರೂ ನಿಲ್ಲಿಸುತ್ತಿಲ್ಲ. ಅವಳಿಗೆ ಕಾಣೋದು ಇಷ್ಟೇ. ಕೊನೆಯದೇ ದೊಡ್ಡ ಏಟು. ಅಪ್ಪ ಅಮ್ಮ ಪಕ್ಕದಲ್ಲೇ ಇದ್ದೂ ನನ್ನ ಮಾತು ಕೇಳಲಿಲ್ಲ ಅನ್ನೋದು ಮಗುವಿನ ಮನಸ್ಸಲ್ಲಿ ಉಳಿದುಬಿಡುತ್ತೆ.

ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ನನ್ನ ಮಗಳಿಗೆ ನಾಲ್ಕು ವರ್ಷ ಆಗಿದ್ದಾಗ ಒಂದು ಪಾರ್ಕಿನಲ್ಲಿ ತೂಗಾಡುವ ದೋಣಿಯ ಮುಂದೆ ನಿಂತು ಬೇಡ ಅಂದಳು. ನಾನೇ ಎತ್ತಿ ಕೂರಿಸಿದೆ. ಇಳಿದಾಗ ಅವಳು ಅಳಲಿಲ್ಲ, ಮಾತೂ ಆಡಲಿಲ್ಲ. ಆಮೇಲೆ ಎಷ್ಟೋ ತಿಂಗಳು ಮನೆ ಹತ್ತಿರದ ಉದ್ಯಾನದ ಉಯ್ಯಾಲೆಗೂ ಹತ್ತಿರ ಹೋಗಲಿಲ್ಲ. ಮತ್ತೆ ಕೂತದ್ದು ತನ್ನ ಗೆಳತಿ ಆಡೋದನ್ನು ದಿನಾ ಸಂಜೆ ನೋಡಿ ನೋಡಿ, ತಾನಾಗಿಯೇ ಒಂದು ದಿನ. ಆ ದಿನ ನಾನು ಸುಮ್ನೆ ಪಕ್ಕದಲ್ಲಿ ನಿಂತಿದ್ದೆ. ಧೈರ್ಯ ಬರೋದು ಹಾಗೆ. ನೋಡಬೇಕು, ಮತ್ತೆ ನೋಡಬೇಕು, ಬೇಕಾದಾಗ ಹತ್ತಬಹುದು, ಬೇಡವಾದರೆ ಬಿಡಬಹುದು ಅಂತ ನಂಬಿಕೆ ಬರಬೇಕು.

ಅದಕ್ಕೇ ನನ್ನ ಸಲಹೆ ಹೀಗಿದೆ. ದಸರಾ ರಜೆಯಲ್ಲಿ ಬಿಡದಿಗೆ ಹೋಗಬೇಡಿ. ಮೈಸೂರಿಗೆ ಹೋಗಿ. ಬಿಡದಿಯನ್ನು ನವೆಂಬರಿಗೋ ಡಿಸೆಂಬರಿಗೋ ಇಟ್ಟುಕೊಳ್ಳಿ.

ಕಾರಣ ಎರಡು. ರಜೆಯಲ್ಲಿ ರಾಜ್ಯದ ಅರ್ಧ ಮಕ್ಕಳು ಅಲ್ಲಿರುತ್ತಾರೆ. ಎರಡು ನಿಮಿಷದ ರೈಡಿಗೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲೋದು ನಾಲ್ಕು ವರ್ಷದ ಮಗುವಿಗೆ ಆಗದ ಮಾತು. ನಿಮ್ಮ ಮಗಳು ಇನ್ನೂ ಎಲ್‌ಕೆಜಿ ವಯಸ್ಸಿನವಳು, ಒಂದು ದಿನ ಶಾಲೆ ತಪ್ಪಿದರೆ ಏನೂ ನಷ್ಟವಿಲ್ಲ. ರಜೆ ಮುಗಿದ ಮೇಲೆ ಒಂದು ಮಂಗಳವಾರವೋ ಬುಧವಾರವೋ ಹೋದರೆ ಅದೇ ಜಾಗ ಬೇರೆಯೇ ಆಗಿರುತ್ತೆ. ಮಕ್ಕಳು ದೊಡ್ಡವರಾಗಿ ಶಾಲೆ ತಪ್ಪಿಸಲಾಗದ ವಯಸ್ಸಿಗೆ ಬಂದಮೇಲೆ ಈ ಅನುಕೂಲ ಇರುವುದಿಲ್ಲ. ಈಗಲೇ ಬಳಸಿಕೊಳ್ಳಿ.

ಎರಡನೇ ಕಾರಣ, ಮೈಸೂರು ನಿಮ್ಮ ಮಗಳಿಗೆ ಒಳ್ಳೆಯ ತಾಲೀಮು. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಪುಟ್ಟ ರೈಲು, ತಿರುಗುವ ಕುದುರೆ, ಚಿಕ್ಕ ಮಕ್ಕಳ ಕಾರು, ಎಲ್ಲ ಇರುತ್ತೆ. ಹಬ್ಬ ಮುಗಿದ ಮೇಲೂ ವಾರಗಟ್ಟಲೆ ನಡೆಯುತ್ತೆ, ಹಾಗಾಗಿ ನೂಕುನುಗ್ಗಲಿನ ದಿನ ಬಿಟ್ಟು ಹೋಗಬಹುದು. ಅಲ್ಲಿ ಒಂದು ರೈಡ್ ಮಾತ್ರ ಅವಳೇ ಆರಿಸಲಿ. ಹತ್ತುವ ಮೊದಲು ಎರಡು ಸುತ್ತು ನಿಂತು ನೋಡಿ. "ನೋಡು, ಆ ಪಾಪು ಹತ್ತಿತು. ಈಗ ಸುತ್ತುತ್ತಿದೆ. ಈಗ ನಿಂತಿತು. ಅಮ್ಮನ ಹತ್ತಿರ ಬಂತು" ಅಂತ ಹೇಳುತ್ತಾ ಹೋಗಿ. ಶುರು ಇದೆ, ಕೊನೆಯೂ ಇದೆ ಅಂತ ಅವಳಿಗೆ ಕಾಣಬೇಕು. ಹತ್ತಲಿಲ್ಲ ಅಂದರೆ ಬಿಡಿ, ಕಡಲೆಪುರಿ ಕೊಡಿಸಿ ಕರೆದುಕೊಂಡು ಬನ್ನಿ. ಬೆಂಗಳೂರಿಗೆ ಏನಾದರೂ ಕೆಲಸವಿದ್ದು ಹೋದರೆ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲೂ, ಅವತ್ತು ಓಡುತ್ತಿದ್ದರೆ, ಇದಕ್ಕೆ ಚೆನ್ನಾಗಿದೆ. ಜಾತ್ರೆ, ಪ್ರದರ್ಶನಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದ ದೊಡ್ಡ ತೊಟ್ಟಿಲು, ದೊಡ್ಡ ದೋಣಿಗಳಿಗೆ ಮಾತ್ರ ಚಿಕ್ಕವರನ್ನು ಹತ್ತಿಸಬೇಡಿ. ಮಗುವಿನ ಅಳತೆಗೆ ಸರಿಹೋಗುವ ಪಟ್ಟಿ, ಬಾಗಿಲಿಗೆ ಚಿಲಕ, ಇವೆರಡೂ ಇಲ್ಲದ ಕಡೆ ನಾನು ನನ್ನ ಮಗುವನ್ನು ಕೂರಿಸುವುದಿಲ್ಲ.

ಈಗ ಬಿಡದಿಗೆ ಬರೋಣ.

ಬೆಂಗಳೂರಿನ ವಂಡರ್‌ಲಾ 2005ರಲ್ಲಿ ಶುರುವಾಯಿತು. ಇದೇ ಸಂಸ್ಥೆಯವರು ಅದಕ್ಕೂ ಮುಂಚೆ, 2000ದಲ್ಲಿ, ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಹೆಸರಿನಲ್ಲಿ ಮೊದಲ ಪಾರ್ಕ್ ಮಾಡಿದ್ದರು. ಇಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ರೈಡುಗಳಿಗೂ ಅಷ್ಟೇ, ಒಂದೊಂದರ ಮುಂದೆ ಎತ್ತರದ ಗುರುತು ಇರುತ್ತೆ. ಹಾಗಾಗಿ ಹೊರಡುವ ವಾರ ಮನೆಯಲ್ಲೇ ಇಬ್ಬರನ್ನೂ ಚಪ್ಪಲಿ ಇಲ್ಲದೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆಯಿರಿ. ತಲೆಯ ಮೇಲೆ ಒಂದು ಪುಸ್ತಕ ಅಡ್ಡ ಇಟ್ಟು ಗುರುತು ಹಾಕಿದರೆ ಸರಿಯಾಗಿ ಬರುತ್ತೆ. ನಾಲ್ಕು ವರ್ಷದ ಮಗು ಸುಮಾರು 100 ಸೆಂ.ಮೀ. ಆಸುಪಾಸು ಇರುತ್ತೆ, ಇಪ್ಪತ್ತು ತಿಂಗಳ ಮಗು 80ರಿಂದ 85. ಆ ಅಳತೆ ಇಟ್ಟುಕೊಂಡು ಪಾರ್ಕಿನ ವೆಬ್‌ಸೈಟಿನಲ್ಲಿ ಅವತ್ತಿನ ನಿಯಮ, ದರ ನೋಡಿ. ಮಗಳಿಗೆ ಯಾವುದು ಸಿಗುತ್ತೆ, ಯಾವುದು ಸಿಗಲ್ಲ ಅಂತ ಮನೆಯಲ್ಲೇ ಹೇಳಿಬಿಡಿ. ಸಾಲಿನಲ್ಲಿ ಕಾದು ಕಾದು ಕೊನೆಗೆ "ನೀನು ಗಿಡ್ಡ, ಹೋಗು" ಅನ್ನಿಸಿಕೊಳ್ಳೋದು ಮಗುವಿಗೆ ತುಂಬಾ ನೋವು.

ಎತ್ತರದ ನಿಯಮದ ವಿಷಯದಲ್ಲಿ ಸಿಬ್ಬಂದಿ ಜೊತೆ ವಾದ ಮಾಡುವ ಅಪ್ಪಂದಿರನ್ನು ನೋಡಿದ್ದೇನೆ. "ಒಂದಿಂಚು ತಾನೆ, ಬಿಡಿ ಸಾರ್" ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಆ ಒಂದಿಂಚಿನ ಹಿಂದೆ ದೇಹದ ಲೆಕ್ಕ ಇದೆ. ದೊಡ್ಡವರಲ್ಲಿ ತಲೆ ಅಂದರೆ ಎತ್ತರದ ಎಂಟರಲ್ಲಿ ಒಂದು ಪಾಲು. ಹುಟ್ಟಿದ ಮಗುವಿನಲ್ಲಿ ನಾಲ್ಕರಲ್ಲಿ ಒಂದು ಪಾಲು. ಚಿಕ್ಕ ಮಕ್ಕಳು ಇವೆರಡರ ನಡುವೆ ಇರುತ್ತಾರೆ. ತಲೆ ಭಾರ, ಅದನ್ನು ಹಿಡಿದಿರುವ ಕತ್ತಿನ ಸ್ನಾಯು ಎಳೆಯದು. ಜರ್ಕ್ ಹೊಡೆದರೆ ಪೆಟ್ಟು ಬೀಳೋದು ಅಲ್ಲೇ. ಇನ್ನು ತೊಡೆಯ ಮೇಲೆ ಬಂದು ಕೂರುವ ಕಂಬಿಯ ವಿಷಯ. ಇಬ್ಬರಿಗೆ ಒಂದೇ ಕಂಬಿ ಇದ್ದರೆ ಅದು ದಪ್ಪ ಇರುವವರ ತೊಡೆಗೆ ತಾಗಿ ನಿಂತುಬಿಡುತ್ತೆ. ಪಕ್ಕದಲ್ಲಿರುವ ಮಗುವಿಗೂ ಕಂಬಿಗೂ ನಡುವೆ ಒಂದು ಗೇಣು ಜಾಗ. "ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ" ಅನ್ನೋದು ವೇಗದ ರೈಡಿನಲ್ಲಿ ನಡೆಯೋ ಮಾತಲ್ಲ. ಕೈಯ ಬಲ ಅಲ್ಲಿ ಸಾಲುವುದಿಲ್ಲ.

ಇದರ ಜೊತೆಗೇ ಇನ್ನೊಂದು ಮಾತು. ಇದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ, ಅದಕ್ಕೇ ನಿಧಾನವಾಗಿ ಓದಿ. ಜಾರುಬಂಡೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಬೇಡಿ. ಪ್ರೀತಿಯಿಂದ, ಜೋಪಾನ ಅಂತಲೇ ಹಾಗೆ ಮಾಡುತ್ತೇವೆ. ಆದರೆ ಮಗುವಿನ ಚಪ್ಪಲಿಯ ರಬ್ಬರ್ ತಳ ಅಥವಾ ಬರಿಗಾಲು ಬದಿಗೆ ತಾಗಿ ಸಿಕ್ಕಿಕೊಳ್ಳುತ್ತೆ. ಒಂಟಿಯಾಗಿ ಜಾರುತ್ತಿದ್ದರೆ ಮಗು ಅಲ್ಲೇ ನಿಲ್ಲುತ್ತಿತ್ತು. ಹಿಂದೆ ಅರವತ್ತು ಎಪ್ಪತ್ತು ಕಿಲೋ ತೂಕ ಇದ್ದಾಗ ನಿಲ್ಲುವುದಿಲ್ಲ, ಕಾಲು ತಿರುಚಿ ಮೊಣಕಾಲಿನ ಕೆಳಗಿನ ಮೂಳೆ ಮುರಿಯುತ್ತೆ. ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು, ಅಂದರೆ ನಿಮ್ಮ ಮಗನ ವಯಸ್ಸು. ಬಡಾವಣೆಯ ಪಾರ್ಕಿನ ಜಾರುಬಂಡೆಯಲ್ಲಿ ತಾತನ ತೊಡೆ ಮೇಲೆ ಕೂತು ಹೀಗಾದ ಮಗುವನ್ನು ನಾನೇ ನೋಡಿದ್ದೇನೆ. ಮಗು ಆರು ವಾರದೊಳಗೆ ಓಡಾಡಿತು. ತಾತ ಇವತ್ತಿಗೂ ಆ ಮಾತು ಬಂದರೆ ಕಣ್ಣೀರು ಹಾಕುತ್ತಾರೆ. ನಿಮ್ಮ ಮಾವನವರಿಗೆ ಇದನ್ನು ಮುಂಚೆಯೇ ಹೇಳಿ.

ನೀರಿನ ವಿಷಯಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ನನಗೆ ಇಡೀ ದಿನದಲ್ಲಿ ನಿಜವಾಗಿ ಭಯ ಇರೋದು ಅದೊಂದರ ಬಗ್ಗೆಯೇ.

ಮುಳುಗುವ ಮಗು ಕೂಗುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬಡಿಯುವುದಿಲ್ಲ. ಉಸಿರಿಗೆ ಒದ್ದಾಡುವಾಗ ದನಿ ಹೊರಡುವುದೇ ಇಲ್ಲ. ಮೊಣಕಾಲು ಮುಟ್ಟದ ನೀರಲ್ಲೂ ಮಗು ಮುಖ ಅಡಿಯಾಗಿ ಬಿದ್ದರೆ ತಲೆಭಾರಕ್ಕೆ ತಾನಾಗಿ ಏಳಲಾರದು. ಅದಕ್ಕೇ "ಇಲ್ಲಿ ಆಳ ಇಲ್ವಲ್ಲ" ಅಂತ ದಡದಲ್ಲಿ ಕೂತು ಫೋನ್ ನೋಡೋ ಹಾಗಿಲ್ಲ. ಮಗು ನೀರಲ್ಲಿದ್ದರೆ ದೊಡ್ಡವರೊಬ್ಬರು ಕೈ ಚಾಚಿದರೆ ಸಿಗುವಷ್ಟು ಹತ್ತಿರ, ನೀರಲ್ಲೇ ಇರಬೇಕು. ಒಂದು ಮಗುವಿಗೆ ಒಬ್ಬರು. ನಾಲ್ಕು ಜನ ದೊಡ್ಡವರಿದ್ದಾಗ ಅಪಾಯ ಕಡಿಮೆ ಅಂತ ಅನ್ನಿಸುತ್ತೆ. ಹಾಗಲ್ಲ. ಅವರು ನೋಡುತ್ತಿದ್ದಾರೆ ಅಂತ ಇವರು, ಇವರು ನೋಡುತ್ತಿದ್ದಾರೆ ಅಂತ ಅವರು. ಬಾಯಿಬಿಟ್ಟು ಹೇಳಿ: "ಈಗ ಪಾಪು ನಿಮ್ಮ ಪಾಲು." ಅವರು "ಹೂಂ" ಅಂದ ಮೇಲೇ ನೀವು ತಿರುಗಿ. ಕಾಲು ಗಂಟೆಗೊಮ್ಮೆ ಬದಲಾಯಿಸಿಕೊಳ್ಳಿ, ಕಣ್ಣಿಗೂ ದಣಿವಾಗುತ್ತೆ. ಅತ್ತೆ, ಮಾವನವರಿಗೆ ಮೊಣಕಾಲು ನೋವು, ಬಗ್ಗೋಕೆ ಕಷ್ಟ ಅಂತ ಇದ್ದರೆ ನೀರಿನ ಹತ್ತಿರ ಮಕ್ಕಳ ಹೊಣೆ ಅವರಿಗೆ ಕೊಡಬೇಡಿ. ಬೇರೆ ಕೆಲಸ ಅವರಿಗಿದೆ, ಆಮೇಲೆ ಹೇಳುತ್ತೇನೆ.

ಅಲೆಗಳ ಕೊಳಕ್ಕೆ ನಿಮ್ಮ ಮಗನನ್ನು ಇಳಿಸಲೇಬೇಡಿ. ಮಗಳನ್ನೂ ದಡದ ಕಡೆಯಿಂದ ಮುಂದಕ್ಕೆ ಒಯ್ಯಬೇಡಿ. ಅಲೆ ಶುರುವಾದಾಗ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಪುಟ್ಟ ಮಗು ಅವರ ನಡುವೆ ಕಾಣುವುದೇ ಇಲ್ಲ. ಚಿಕ್ಕ ಮಕ್ಕಳಿಗೆ ಅಂತಲೇ ಮಾಡಿದ ಕೊಳ ಇರುತ್ತೆ, ಅದು ಸಾಕು. ತೋಳಿಗೆ ಹಾಕುವ ಗಾಳಿ ಚೀಲ ಆಟದ ಸಾಮಾನು, ಅದನ್ನು ನಂಬಿ ಕೈಬಿಡಬೇಡಿ.

ಬಟ್ಟೆಯ ಬಣ್ಣವೂ ಮುಖ್ಯ. ತಿಳಿ ನೀಲಿ, ಬಿಳಿ ಬಟ್ಟೆ ಕೊಳದ ನೀರಲ್ಲಿ ಕಾಣದೇ ಹೋಗುತ್ತೆ. ಕಣ್ಣಿಗೆ ಹೊಡೆಯುವ ಕಿತ್ತಳೆ, ಗುಲಾಬಿ ತೆಗೆದುಕೊಳ್ಳಿ. ನೀರಿಗೆ ಇಳಿಯೋಕೆ ನೈಲಾನ್, ಲೈಕ್ರಾ ಥರದ ಈಜುಡುಗೆ ಬೇಕು, ಹತ್ತಿ ಬಟ್ಟೆಗೆ ಬಿಡುವುದಿಲ್ಲ. ಇದು ದೊಡ್ಡವರಿಗೂ ಅನ್ವಯ, ಹಾಗಾಗಿ ಮನೆಯಿಂದಲೇ ತಂದರೆ ಅಲ್ಲಿ ಕೊಳ್ಳೋ ಖರ್ಚು ಉಳಿಯುತ್ತೆ. ಮಗನಿಗೆ ಈಜಿನ ಡೈಪರ್ ಹಾಕಿ. ಮಾಮೂಲಿ ಡೈಪರ್ ನೀರು ಕುಡಿದು ಉಬ್ಬಿ ಕೆಳಗೆ ಜಾರುತ್ತೆ. ಹಿಂದಿನ ಎರಡು ದಿನದಲ್ಲಿ ಯಾವ ಮಗುವಿಗಾದರೂ ಭೇದಿ ಆಗಿದ್ದರೆ ನೀರಿಗಿಳಿಸಬೇಡಿ. ಬೇರೆ ಮಕ್ಕಳಿಗೂ ಹರಡುತ್ತೆ ಅಲ್ವಾ.

ನವೆಂಬರ್, ಡಿಸೆಂಬರಿನಲ್ಲಿ ಬಿಸಿಲು ಹಿತ, ಆದರೆ ನೀರು ತಣ್ಣಗೆ. ಪುಟ್ಟ ದೇಹ ಬೇಗ ಶಾಖ ಕಳೆದುಕೊಳ್ಳುತ್ತೆ. ಹತ್ತು ಹದಿನೈದು ನಿಮಿಷ ಆಡಿಸಿ, ಎತ್ತಿ, ಒರೆಸಿ, ಬಿಸಿಲಲ್ಲಿ ಕೂರಿಸಿ. ತುಟಿ ನೀಲಿಯಾದರೆ, ಹಲ್ಲು ಕಟಕಟ ಅಂದರೆ ಅವತ್ತಿಗೆ ನೀರು ಮುಗಿಯಿತು. ಮಕ್ಕಳು "ಇನ್ನೂ ಆಡ್ತೀನಿ" ಅಂತಲೇ ಅನ್ನುತ್ತಾರೆ, ನಡುಗುತ್ತಾ ಕೂಡ. ಆ ಮಾತು ಮಾತ್ರ ಕೇಳಬೇಡಿ.

ಇನ್ನು ದಿನದ ಹೊತ್ತು. ಇಲ್ಲೇ ಸಣ್ಣ ಮಕ್ಕಳ ಮನೆಯವರು ಎಡವುತ್ತಾರೆ. ಪಾರ್ಕ್ ಬಾಗಿಲು ತೆಗೆಯೋದು ಸಾಮಾನ್ಯವಾಗಿ 11ರ ಹೊತ್ತಿಗೆ. ಟಿಕೆಟ್, ಲಾಕರ್, ಬಟ್ಟೆ ಬದಲಾವಣೆ ಅಂತ 12 ಆಗುತ್ತೆ. ನಿಮ್ಮ ಮಗ ಮಧ್ಯಾಹ್ನ 1ಕ್ಕೆ ಮಲಗುವವನಾದರೆ ಅವನ ದಿನ ಶುರುವಾಗುವಷ್ಟರಲ್ಲೇ ನಿದ್ದೆಯ ಹೊತ್ತು. ಆ ನಿದ್ದೆ ತಪ್ಪಿಸಿದರೆ ಮೂರು ಗಂಟೆಯಿಂದ ಅವನು ಯಾವುದಕ್ಕೂ ಅಳುತ್ತಾನೆ, ಹಟ ಮಾಡುತ್ತಾನೆ. ಅದು ಹಟವೇ ಅಲ್ಲ, ದಣಿವು. ಹಾಗಾಗಿ ಹೊರಡುವಾಗಲೇ ಲೆಕ್ಕ ಹಾಕಿ. ಮಂಡ್ಯದಿಂದ ಬಿಡದಿಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ದಾರಿ. ಒಂಬತ್ತೂವರೆಗೆ ಹೊರಟರೆ ಸಾಕು. ಹೊಸ ಎಕ್ಸ್‌ಪ್ರೆಸ್‌ವೇ ಬಿಡದಿ ಊರನ್ನು ಬಳಸಿಕೊಂಡು ಹೋಗುತ್ತೆ, ಎಲ್ಲಿ ಕೆಳಗಿಳಿಯಬೇಕು ಅಂತ ಮುಂಚೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮುಂದೆ ಹೋಗಿ ತಿರುಗಿ ಬರಬೇಕಾಗುತ್ತೆ, ಹಿಂದಿನ ಸೀಟಿನಲ್ಲಿ ಮಕ್ಕಳು ರಂಪ ಶುರುಮಾಡುತ್ತಾರೆ.

ತಿಂಡಿಗೆ ಬಿಡದಿಯ ತಟ್ಟೆ ಇಡ್ಲಿಗಿಂತ ಒಳ್ಳೆಯದು ಬೇರೆ ಬೇಕಿಲ್ಲ. ಹಗುರ, ಹೊಟ್ಟೆ ತುಂಬುತ್ತೆ. ಮೇಲಿನ ಬೆಣ್ಣೆ, ಪಕ್ಕದ ವಡೆ ಮಾತ್ರ ಮಕ್ಕಳಿಗೆ ಅವತ್ತು ಬೇಡ. ಎಣ್ಣೆ ಪದಾರ್ಥ ತಿಂದು ಸುತ್ತುವ ರೈಡ್ ಹತ್ತಿದರೆ ವಾಂತಿ ಖಂಡಿತ. ಖಾಲಿ ಹೊಟ್ಟೆಯೂ ಅಷ್ಟೇ ಕೆಟ್ಟದ್ದು. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಸಣ್ಣ ಕೊಳವೆಗಳಿವೆ. ದೇಹ ತಿರುಗುತ್ತಿದೆಯೋ ನಿಂತಿದೆಯೋ ಅಂತ ಮೆದುಳಿಗೆ ಹೇಳೋದು ಅವೇ. ಕಿವಿ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದಾಗ ಹೊಟ್ಟೆ ತೊಳೆಸುತ್ತೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಕಡಿಮೆ, ಆಮೇಲೆ ಹನ್ನೆರಡರವರೆಗೆ ಜಾಸ್ತಿ. ಮಗಳಿಗೆ ಬಸ್ಸು ಕಾರಿನಲ್ಲಿ ವಾಂತಿಯಾಗುವ ಅಭ್ಯಾಸ ಇದ್ದರೆ ಗಿರಗಿರ ಸುತ್ತುವುದನ್ನು ಬಿಟ್ಟು ನೇರ ಹೋಗುವ ರೈಲು, ಕಾರು ಆರಿಸಿ.

ಒಳಗೆ ಹೋದ ಮೇಲೆ ನನ್ನ ಕ್ರಮ ಹೀಗಿರುತ್ತೆ. ಮೊದಲ ಅರ್ಧ ಗಂಟೆ ಯಾವ ರೈಡೂ ಇಲ್ಲ. ಸುಮ್ನೆ ನಡೆಯಿರಿ. ಸದ್ದು, ಜನ, ಮೇಲೆ ಕಿರುಚುತ್ತಾ ಹೋಗುವವರು, ಇದೆಲ್ಲ ಮಗುವಿನ ಕಣ್ಣು ಕಿವಿಗೆ ಇಳಿಯಲಿ. ಆಮೇಲೆ ಚಿಕ್ಕ ಮಕ್ಕಳ ಭಾಗಕ್ಕೆ ಹೋಗಿ ತಿರುಗುವ ಕುದುರೆಯಂಥ ನಿಧಾನದ್ದು ಒಂದೋ ಎರಡೋ. ಪೂರ್ತಿ ದಿನಕ್ಕೆ ನಾಲ್ಕೈದು ರೈಡ್ ಆದರೆ ಅವಳ ವಯಸ್ಸಿಗೆ ತುಂಬಾ ಆಯಿತು. ಇಷ್ಟವಾದದ್ದನ್ನೇ ಮೂರು ಸಲ ಹತ್ತುತ್ತೇನೆ ಅಂದರೆ ಹತ್ತಲಿ. ಮಕ್ಕಳಿಗೆ ಹೊಸದಕ್ಕಿಂತ ಗೊತ್ತಿರೋದು ಜಾಸ್ತಿ ಸಂತೋಷ ಕೊಡುತ್ತೆ. ನಗುವ ದೊಡ್ಡ ತಲೆಯ ಗೊಂಬೆ ವೇಷದವರು ಬಂದರೆ ಫೋಟೋಗೆ ಅಂತ ಮಗುವನ್ನು ಅವರ ತೋಳಿಗೆ ಕೊಡಬೇಡಿ, ದೂರದಿಂದ ಕೈಬೀಸಲಿ.

ಅತ್ತೆಯವರಿಗೆ ಅಂತ ಹೇಳಿದ ಕೆಲಸ ಇದು. ಊಟ ಬೇಗ ಮುಗಿಸಿ, 1ರಿಂದ 3ರವರೆಗೆ ನೆರಳಿರುವ, ಧ್ವನಿವರ್ಧಕದಿಂದ ದೂರದ ಒಂದು ಜಾಗ ಹಿಡಿಯಿರಿ. ಮಗನನ್ನು ಅವನ ಹೊದಿಕೆಯಲ್ಲೇ ಅಜ್ಜಿ ಮಡಿಲಲ್ಲೋ, ತಳ್ಳುವ ಗಾಡಿಯಲ್ಲೋ ಮಲಗಿಸಿ. ಮನೆಯ ಆ ಹೊದಿಕೆಯ ವಾಸನೆಗೇ ಅವನಿಗೆ ನಿದ್ದೆ ಬರುತ್ತೆ. ಆ ಎರಡು ಗಂಟೆ ಮಗಳಿಗೆ ಅಪ್ಪನೊಬ್ಬನೇ ಸಿಗಲಿ, ಇಲ್ಲಾ ನೀವೊಬ್ಬರೇ. ತಮ್ಮ ಹುಟ್ಟಿದ ಮೇಲೆ ಅವಳಿಗೆ ಅಂಥ ಹೊತ್ತು ಎಷ್ಟು ಸಿಕ್ಕಿದೆ ಹೇಳಿ? ನಡುವೆ ನೀವಿಬ್ಬರೂ ಒಬ್ಬರಾದ ಮೇಲೆ ಒಬ್ಬರು ನಿಮಗೆ ಇಷ್ಟವಾದ ದೊಡ್ಡ ರೈಡನ್ನೂ ಹತ್ತಿ ಬನ್ನಿ. ಅದರಲ್ಲಿ ತಪ್ಪೇನಿಲ್ಲ. ವಾಲ್ಟ್ ಡಿಸ್ನಿಗೆ ಇಂಥ ಪಾರ್ಕಿನ ಯೋಚನೆ ಹೊಳೆದದ್ದು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳು ತಿರುಗುವ ಕುದುರೆ ಹತ್ತಿದ್ದಾಗ ತಾನು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಾಗ ಅಂತ ಅವರೇ ಹೇಳಿಕೊಂಡಿದ್ದಾರೆ. ಅಪ್ಪ ಅಮ್ಮ, ಮಕ್ಕಳು ಕೂಡಿ ಆಡುವ ಜಾಗ ಬೇಕು ಅಂತ ಅನ್ನಿಸಿ, 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದರು.

ನೀರು ಕುಡಿಸೋದು. ಬಾಯಾರಿಕೆ ಆಗಿದೆ ಅಂತ ಆಟದಲ್ಲಿರುವ ಮಗು ಹೇಳುವುದಿಲ್ಲ. ಅರ್ಧ ಗಂಟೆಗೊಮ್ಮೆ ನೀವೇ ನಾಲ್ಕು ಗುಟುಕು ಕುಡಿಸಿ. ಮೂತ್ರ ಗಾಢ ಹಳದಿಯಾದರೆ, ಮೂರು ನಾಲ್ಕು ಗಂಟೆ ಮೂತ್ರವೇ ಇಲ್ಲದಿದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಬ್ಯಾಗಿನಲ್ಲಿ ಎರಡು ಪೊಟ್ಟಣ ಓಆರ್‌ಎಸ್ ಇರಲಿ. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೆ, ಸಣ್ಣದನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ಅರ್ಧ ಪೊಟ್ಟಣ ಅಂದಾಜಿನಲ್ಲಿ ಬೇಡ. ಓಆರ್‌ಎಸ್ ಅನ್ನೋ ಹೆಸರಿಟ್ಟುಕೊಂಡು ಡಬ್ಬಿಯಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯದ ಮೇಲೆ ಆ ಹೆಸರು ಹಾಕಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶ ಮಾಡಿತು. ಔಷಧದ ಅಂಗಡಿಯಲ್ಲಿ ಪುಡಿಯ ಪೊಟ್ಟಣವನ್ನೇ ಕೇಳಿ. ಟೋಪಿ, ತೋಳು ಮುಚ್ಚುವ ಈಜುಡುಗೆ, ಮುಖಕ್ಕೆ 30 ಎಸ್‌ಪಿಎಫ್‌ನ ಸನ್‌ಸ್ಕ್ರೀನ್. ನೀರಿನಿಂದ ಎದ್ದ ಮೇಲೆ ಮತ್ತೆ ಹಚ್ಚಿ. ಕೊಬ್ಬರಿ ಎಣ್ಣೆ ಆ ಕೆಲಸ ಮಾಡುವುದಿಲ್ಲ.

ಕೈತಪ್ಪಿ ಹೋಗುವ ಭಯ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಇಬ್ಬರದ್ದೂ ಪೂರ್ತಿ ನಿಂತಿರುವ ಒಂದೊಂದು ಫೋಟೋ ತೆಗೆಯಿರಿ. ಯಾವ ಬಣ್ಣದ ಅಂಗಿ ಹಾಕಿತ್ತು ಅಂತ ಆ ಗಾಬರಿಯಲ್ಲಿ ತಾಯಿಗೂ ನೆನಪಾಗುವುದಿಲ್ಲ. ಈಜುಡುಗೆಗೆ ಬದಲಾಯಿಸಿದ ಮೇಲೆ ಇನ್ನೊಂದು ಫೋಟೋ. ನಿಮ್ಮ ಮೊಬೈಲ್ ಸಂಖ್ಯೆಯನ್ನು ಮಗುವಿನ ತೋಳಿನ ಒಳಭಾಗದಲ್ಲಿ ಅಳಿಸದ ಪೆನ್ನಿನಲ್ಲಿ ಬರೆಯಿರಿ. ಮಗಳಿಗೆ ನಿಮ್ಮ ಹೆಸರು ಹೇಳಿಕೊಡಿ. "ಅಮ್ಮಾ" ಅಂತ ಕೂಗಿದರೆ ಅಲ್ಲಿ ನೂರು ಜನ ತಿರುಗುತ್ತಾರೆ, ನಿಮ್ಮ ಹೆಸರು ಹಿಡಿದು ಕೂಗಿದರೆ ನೀವು ತಿರುಗುತ್ತೀರಿ. ಕಾಣದೇ ಹೋದರೆ ಇದ್ದ ಜಾಗದಲ್ಲೇ ನಿಂತುಕೊಳ್ಳಬೇಕು, ಸಮವಸ್ತ್ರದವರಿಗೆ ಇಲ್ಲವೇ ಮಕ್ಕಳ ಜೊತೆ ಇರುವ ಒಬ್ಬ ಅಮ್ಮನಿಗೆ ಹೇಳಬೇಕು ಅಂತ ಮನೆಯಲ್ಲಿ ಆಟದ ಥರ ಎರಡು ಮೂರು ಸಲ ಆಡಿಸಿ.

ದೇವರು ಹಾಗೆ ಮಾಡದಿರಲಿ, ಮಗು ಕಾಣಿಸಲಿಲ್ಲ ಅಂದರೆ ಮೊದಲು ನೋಡಬೇಕಾದ್ದು ನೀರು. ಅಂಗಡಿ, ಶೌಚಾಲಯ, ಗೇಟು ಎಲ್ಲ ಆಮೇಲೆ. ಒಬ್ಬರು ಹತ್ತಿರದ ಕೊಳಕ್ಕೆ ಓಡಿ, ಇನ್ನೊಬ್ಬರು ಸಿಬ್ಬಂದಿಗೆ ಹೇಳಿ ಗೇಟಿಗೆ ಸುದ್ದಿ ಮುಟ್ಟಿಸಿ. ಬೇರೆ ಕಡೆ ಕಳೆದುಹೋದ ಮಗುವಿಗೆ ಹತ್ತು ನಿಮಿಷ ಇರುತ್ತೆ. ನೀರಲ್ಲಿರುವ ಮಗುವಿಗೆ ಇರುವುದಿಲ್ಲ.

ಕೆಲವು ಮಕ್ಕಳಿಗೆ ಹೊರಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಹೃದಯದ ತೊಂದರೆ, ಫಿಟ್ಸ್ ಇರುವವರು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲ ಇರಬಹುದು, ಅವರಿಗೆ ಜರ್ಕ್ ಹೊಡೆಯುವ ರೈಡ್ ಬೇಡ. ಜೋರು ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಕ್ಕಳಿಗೆ ಕಿವಿಯ ಮೇಲೆ ಹಾಕುವ ಮಫ್ ಸಿಗುತ್ತೆ, ತೆಗೆದುಕೊಂಡು ಹೋಗಿ.

ಹೊರಡುವ ಹೊತ್ತು ನಾಲ್ಕೂವರೆ, ಹೆಚ್ಚೆಂದರೆ ಐದು. ಇಬ್ಬರೂ ಇನ್ನೂ ನಗುತ್ತಿರುವಾಗಲೇ ಹೊರಡಿ, ಅತ್ತ ಮೇಲಲ್ಲ. "ಇನ್ನು ಎರಡು ರೈಡ್. ಇನ್ನು ಒಂದು. ಕೊನೇದು ಯಾವುದು ಅಂತ ನೀನೇ ಹೇಳು" ಅಂತ ಮಗಳಿಗೆ ಮುಂಚೆಯೇ ಎಣಿಸಿ ಹೇಳಿ. ಒಮ್ಮೆಗೇ "ನಡಿ ಮನೆಗೆ" ಅಂದರೆ ಯಾವ ಮಗು ಬರುತ್ತೆ? ಒಣ ಬಟ್ಟೆ, ತಲೆ ಚೆನ್ನಾಗಿ ಒರೆಸಿ, ಕಾರಿನಲ್ಲಿಟ್ಟಿದ್ದ ಮೊಸರನ್ನ ನಾಲ್ಕು ತುತ್ತು. ಮಗನಿಗೆ ಮಕ್ಕಳ ಸೀಟಿನ ಪಟ್ಟಿ ಹಾಕಿ, ನಿದ್ದೆ ಬಂದಿದೆ ಅಂತ ಮಡಿಲಿಗೆ ತೆಗೆದುಕೊಳ್ಳಬೇಡಿ. ಇನ್ನೂ ಒಂದು ಗಂಟೆಯ ಹೆದ್ದಾರಿ ಇದೆ.

ಮರುದಿನ ಶಾಲೆಗೆ ಕಳಿಸದೆ ಮನೆಯಲ್ಲೇ ಬಿಡಿ, ಸಾಧ್ಯವಾದರೆ. ಕಣ್ಣು ಸ್ವಲ್ಪ ಕೆಂಪಾಗಿದ್ದರೆ ಅದು ಕ್ಲೋರಿನ್ ಬೆರೆತ ನೀರಿನಿಂದ, ಸಾಮಾನ್ಯವಾಗಿ ಒಂದು ದಿನದಲ್ಲಿ ಹೋಗುತ್ತೆ. ಕಿವಿಯ ಹಾಲೆ ಎಳೆದರೆ ಮಗು ನೋವು ಅಂದರೆ, ಜ್ವರ ಬಂದರೆ, ಎರಡು ಮೂರು ಸಲಕ್ಕಿಂತ ಜಾಸ್ತಿ ನೀರು ಭೇದಿಯಾದರೆ ತೋರಿಸಿ. ಬಿದ್ದು ತಲೆಗೆ ಪೆಟ್ಟಾಗಿ ಆಮೇಲೆ ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಆ ರಾತ್ರಿಯೇ ಆಸ್ಪತ್ರೆಗೆ. ನೀರು ಜೋರಾಗಿ ನುಂಗಿ ಕೆಮ್ಮಿದ ಮಗು ಮನೆಗೆ ಬಂದ ಮೇಲೂ ಕೆಮ್ಮುತ್ತಲೇ ಇದ್ದರೆ, ಉಸಿರು ಏದುತ್ತಿದ್ದರೆ, ಬೆಳಗಿನವರೆಗೆ ಕಾಯಬೇಡಿ, ಆಗಲೇ ಕರೆದುಕೊಂಡು ಹೋಗಿ.